ಕಾಣದ ಕೋಣೆಗೆ ಕಟ್ಟಿದ ಬೆಲೆ

ಚೌಕಾಶಿಯು ಮನುಷ್ಯನ ಹುಟ್ಟುಗುಣಗಳಲ್ಲಿ ಒಂದೆಂದರೆ ತಪ್ಪಾಗಲಾರದು. ಸೊಪ್ಪಿನವಳು ಕಟ್ಟಿಗೆ ಇಷ್ಟೆಂದರೆ ಮನೆಯ ಯಜಮಾನಿ ಅದರಲ್ಲಿ ಕಾಲುಭಾಗವನ್ನು ತೆಗೆದು ಹೇಳುವಳು. ಇವಳು ಒಳಕ್ಕೆ ಹೋಗುವಂತೆ ನಟಿಸುವಳು. ಅವಳು ಬುಟ್ಟಿಯನ್ನು ತಲೆಗೇರಿಸುವಂತೆ ನಟಿಸುವಳು. ಕಡೆಗೆ ಇಬ್ಬರೂ ತಾವೇ ಗೆದ್ದೆವೆಂದುಕೊಂಡು ಬೇರೆಯಾಗುವರು. ಈ ವ್ಯವಹಾರದಲ್ಲಿ ಉಳಿಯುವ ಕಾಸು ಅಲ್ಪ. ಅದರಿಂದ ದೊರೆಯುವ ತೃಪ್ತಿಯನ್ನು ಮಾತ್ರ ಕಾಸಿನಿಂದ ಅಳೆಯಲಾಗದು.

ಘಾಟಿ ಸುಬ್ರಹ್ಮಣ್ಯದ ದನದ ಜಾತ್ರೆಯನ್ನು ಕಂಡವರಿಗೆ ಈ ವಿದ್ಯೆಯ ಮತ್ತೊಂದು ಮುಖವೂ ತಿಳಿದಿರುತ್ತದೆ. ಅಲ್ಲಿ ದಲ್ಲಾಳಿಯೂ ಕೊಳ್ಳುವವನೂ ಬಾಯಿಬಿಟ್ಟು ಬೆಲೆಯನ್ನು ಆಡುವುದಿಲ್ಲ. ಟವಲಿನ ಮರೆಯಲ್ಲಿ ಒಬ್ಬನ ಬೆರಳುಗಳನ್ನು ಇನ್ನೊಬ್ಬನು ಹಿಡಿದು ಲೆಕ್ಕವನ್ನು ತಿಳಿಸುವನು. ಸುತ್ತ ನೆರೆದ ನೂರು ಜನಕ್ಕೆ ಮುಖಗಳು ಕಾಣುತ್ತವೆಯೇ ಹೊರತು ಮೊತ್ತವು ಕಾಣದು. ಆದರೆ ಎತ್ತು ಮಾತ್ರ ಎಲ್ಲರ ಕಣ್ಣೆದುರಿಗೇ ನಿಂತಿರುತ್ತದೆ. ಅದರ ಹಲ್ಲನ್ನು ಎಣಿಸಬಹುದು, ಸುಳಿಯನ್ನು ನೋಡಬಹುದು, ನಾಲ್ಕು ಹೆಜ್ಜೆ ನಡೆಯಿಸಿ ಕಾಲನ್ನು ಪರೀಕ್ಷಿಸಬಹುದು. ಬೆಲೆಯು ಗುಟ್ಟು, ಪದಾರ್ಥವು ಬಯಲು. ಇದು ಜಾತ್ರೆಯ ಧರ್ಮ.

ಈ ಧರ್ಮವನ್ನು ತಲೆಕೆಳಗು ಮಾಡಿದ ಪೇಟೆಯೊಂದು 1998ನೆಯ ಇಸವಿಯಲ್ಲಿ ಅಮೆರಿಕದಲ್ಲಿ ತೆರೆಯಿತು. ಜೇ ವಾಕರ್ ಎಂಬಾತನು ಸ್ಥಾಪಿಸಿದ ಪ್ರೈಸ್‌ಲೈನ್ ಎಂಬ ಸಂಸ್ಥೆಯು ಅಂತರಜಾಲದಲ್ಲಿ ಮೊದಲು ವಿಮಾನದ ಟಿಕೆಟ್ಟುಗಳನ್ನೂ ಅದೇ ವರ್ಷ ಹೋಟಲಿನ ಕೋಣೆಗಳನ್ನೂ ಮಾರಲಾರಂಭಿಸಿತು. ‘ನಿಮ್ಮ ಬೆಲೆಯನ್ನು ನೀವೇ ಹೇಳಿ’ ಎಂಬುದು ಅದರ ಸೂತ್ರ. ಈ ಉಪಾಯಕ್ಕೆ ಆ ವರ್ಷದ ಆಗಸ್ಟಿನಲ್ಲಿ ಪೇಟೆಂಟು ಸಹ ದೊರೆಯಿತು. ಕೊಳ್ಳುವವನು ಊರನ್ನೂ, ಊರಿನ ಭಾಗವನ್ನೂ, ಹೋಟಲಿನ ದರ್ಜೆಯನ್ನು ತಿಳಿಸುವ ನಕ್ಷತ್ರಗಳ ಸಂಖ್ಯೆಯನ್ನೂ, ತಂಗುವ ದಿನಗಳನ್ನೂ ಆರಿಸಿ, ತಾನು ಕೊಡಬಲ್ಲ ಮೊತ್ತವನ್ನು ಬರೆದು, ಹಣ ಕಡಿಯುವುದಕ್ಕೆ ಮುಂಚಿತವಾಗಿಯೇ ಒಪ್ಪಿಗೆಯನ್ನೂ ಕೊಟ್ಟುಬಿಡಬೇಕು. ಯಾವುದಾದರೂ ಹೋಟಲಿನವರಿಗೆ ಆ ಬೆಲೆ ಸಮ್ಮತವಾದರೆ ಹಣವು ಆ ಕ್ಷಣದಲ್ಲಿಯೇ ಸಂದುಹೋಗುವುದು. ಹೋಟಲಿನ ಹೆಸರು ತಿಳಿಯುವುದು ಅನಂತರ. ಅದನ್ನು ಹಿಂದಿರುಗಿಸುವಂತಿಲ್ಲ, ದಿನವನ್ನು ಬದಲಿಸುವಂತಿಲ್ಲ. ಇಲ್ಲಿ ಬೆಲೆಯು ಬಯಲು, ಎತ್ತು ಮಾತ್ರ ಟವಲಿನ ಮರೆಯಲ್ಲಿ.

ಹೋಟಲಿನವರು ಇದಕ್ಕೇಕೆ ಒಪ್ಪಿದರು? ಕಾರಣವು ಸುಲಭ. ದೇವಸ್ಥಾನದ ಬಾಗಿಲು ಹಾಕುವ ಹೊತ್ತಿಗೆ ಹೂವಿನವಳ ಬುಟ್ಟಿಯಲ್ಲಿ ಉಳಿದ ಮಲ್ಲಿಗೆಯು ಬೆಳಗಾದರೆ ಕಸ. ಈ ರಾತ್ರಿ ಬರಿದಾಗಿ ಉಳಿದ ಕೋಣೆಯೂ ಹಾಗೆಯೇ. ಅದನ್ನು ನಾಳೆ ಮಾರಲಾಗದು. ಅರ್ಧ ಬೆಲೆಗೆ ಕೊಟ್ಟರೂ ಬಂದದ್ದೇ ಲಾಭ. ಆದರೆ ‘ಅರ್ಧ ಬೆಲೆ’ ಎಂದು ಬೀದಿಯಲ್ಲಿ ಕೂಗಿದರೆ, ಸಂಜೆಯೇ ಪೂರ್ತಿ ಬೆಲೆ ಕೊಟ್ಟು ಮುಡಿದವರು ಸುಮ್ಮನಿರುವರೆ? ಆದ್ದರಿಂದ ಹೆಸರನ್ನು ಮುಚ್ಚಿಟ್ಟು ಮಾರುವ ಈ ಏರ್ಪಾಡು. ಯಾವ ಹೋಟಲಾದರೂ ಸರಿಯೆನ್ನುವವನಿಗೆ ಅಗ್ಗ. ಇಂಥದೇ ಬೇಕೆನ್ನುವವನಿಗೆ ಪೂರ್ತಿ ಬೆಲೆ.

ಇಂಥ ಕೊಳ್ಳುವಿಕೆಗೆ ಹೇಳಿಮಾಡಿಸಿದ ಸ್ಥಳಗಳಲ್ಲಿ ಕ್ಯಾಲಿಫೋರ್ನಿಯದ ಆನಹೈಮ್ ಒಂದು. ಲಾಸ್ ಏಂಜಲಿಸಿನ ಆಗ್ನೇಯಕ್ಕಿರುವ ಈ ಊರಿನಲ್ಲಿ ವಾಲ್ಟ್ ಡಿಸ್ನಿಯು ಸುಮಾರು 160 ಎಕರೆಗಳಷ್ಟು ಕಿತ್ತಳೆಯ ತೋಟಗಳನ್ನು ಕೊಂಡು, 1955ನೆಯ ಇಸವಿ ಜುಲೈ 17ರಂದು ತನ್ನ ವಿನೋದದ ಉದ್ಯಾನವನ್ನು ತೆರೆದನು. ಕೈಯಲ್ಲಿದ್ದ ಹಣವೆಲ್ಲ ಕೋಟೆ, ನದಿ, ರೈಲುಗಳಿಗೇ ಮುಗಿದು, ಸುತ್ತಣ ನೆಲವನ್ನು ಕೊಳ್ಳಲು ಆತನಲ್ಲಿ ಶಕ್ತಿಯುಳಿಯಲಿಲ್ಲ. ತೇರು ನಿಂತಲ್ಲಿ ಅಂಗಡಿಸಾಲು ಏಳುವಂತೆ ಉದ್ಯಾನದ ಬಾಗಿಲಿನಿಂದ ಹಿಡಿದು ಹಾರ್ಬರ್ ಬುಲೆವಾರ್ಡ್ ಎಂಬ ಬೀದಿಯ ಉದ್ದಕ್ಕೂ ವಸತಿಗೃಹಗಳು ಎದ್ದವು. ಯಾತ್ರಿಕರಿಗೆ ಸ್ವಪ್ನಲೋಕವನ್ನು ಕಟ್ಟಿಕೊಟ್ಟವನು ಡಿಸ್ನಿ. ಅವರ ನಿದ್ರೆಯ ಬಾಡಿಗೆಯು ನೆರೆಯವರಿಗೆ. ಈ ಪಾಠವನ್ನು ಕಲಿತೇ ಆತನು ಮುಂದೆ ಫ್ಲಾರಿಡ ಸಂಸ್ಥಾನದಲ್ಲಿ ಬೇರೆ ಬೇರೆ ಹೆಸರಿನ ಕಂಪೆನಿಗಳ ಮೂಲಕ ಗುಟ್ಟಾಗಿ 27,000 ಎಕರೆಗಳಿಗೂ ಮೇಲ್ಪಟ್ಟ ನೆಲವನ್ನು ಕೊಳ್ಳಿಸಿದ್ದು. ಅಲ್ಲಿಯ ಉದ್ಯಾನವು 1971ರಲ್ಲಿ ತೆರೆಯುವ ವೇಳೆಗೆ ಆತನು ತೀರಿಕೊಂಡು ನಾಲ್ಕು ವರ್ಷಗಳ ಮೇಲಾಗಿತ್ತು.

ಇಷ್ಟು ಪೀಠಿಕೆಯಾದ ಮೇಲೆ, ಸ್ಯಾನ್ ಹೋಸೆಯಲ್ಲಿ ಬಿಡಾರಮಾಡಿದ್ದ ಕನ್ನಡಿಗನೊಬ್ಬನ ಪ್ರಸಂಗಕ್ಕೆ ಬರಬಹುದು. ಅದು 2008ನೆಯ ಇಸವಿಯ ಬೇಸಗೆ. ಆತನ ತಂದೆತಾಯಿಗಳು ದೊಡ್ಡಬಳ್ಳಾಪುರದ ಕಡೆಯಿಂದ ಮೊದಲ ಸಲ ಅಮೆರಿಕಕ್ಕೆ ಬಂದಿದ್ದರು. ತಂದೆಯವರು ಹೈಸ್ಕೂಲಿನಲ್ಲಿ ಗಣಿತವನ್ನು ಕಲಿಸಿ ನಿವೃತ್ತರಾದವರು. ಆರು ವರ್ಷದ ಮೊಮ್ಮಗಳಿಗೆ ಅಜ್ಜಿಯೊಡನೆ ಆನಹೈಮಿನ ಕೋಟೆಯನ್ನು ನೋಡಬೇಕೆಂಬ ಹಟ. ಹೋಗುವುದು ನಿಶ್ಚಯವಾಯಿತು: ಮೂರು ರಾತ್ರಿ, ಎರಡು ಕೋಣೆ. ಉದ್ಯಾನದ ಎದುರಿಗಿರುವ ಹೋಟಲುಗಳಲ್ಲಿ ಕೋಣೆಯೊಂದಕ್ಕೆ ರಾತ್ರಿಗೆ 129 ಡಾಲರೆಂದು ತಿಳಿದಾಗ ಆತನ ಮನಸ್ಸು ಒಪ್ಪಲಿಲ್ಲ. ಹಣವಿರಲಿಲ್ಲವೆಂದಲ್ಲ, ಸಹೋದ್ಯೋಗಿಯೊಬ್ಬನು ಅದರ ಅರ್ಧಕ್ಕೆ ಪಡೆದನೆಂದು ಕೇಳಿದ ಮೇಲೆ ಪೂರ್ತಿ ಕೊಡುವುದು ದಡ್ಡತನವೆಂದು ತೋರಿತು.

ರಾತ್ರಿ ಊಟವಾದ ಮೇಲೆ ಆತನು ಕಂಪ್ಯೂಟರಿನ ಮುಂದೆ ಕುಳಿತನು. ಮೂರು ನಕ್ಷತ್ರದ ದರ್ಜೆಗೆ 40 ಡಾಲರೆಂದು ಬರೆದನು. ಆಗುವುದಿಲ್ಲವೆಂಬ ಉತ್ತರ ಬಂದಿತು. ಒಮ್ಮೆ ನಿರಾಕೃತವಾದ ಕೋರಿಕೆಯನ್ನು ಬರಿಯ ಬೆಲೆಯನ್ನು ಏರಿಸಿ ಒಡನೆಯೇ ಮುಂದಿಡುವಂತಿರಲಿಲ್ಲ. ಒಂದು ದಿನ ಕಾಯಬೇಕು, ಇಲ್ಲವೆ ಊರಿನ ಇನ್ನೊಂದು ಭಾಗವನ್ನು ಸೇರಿಸಿಕೊಳ್ಳಬೇಕು, ಅಥವಾ ದರ್ಜೆಯನ್ನು ಇಳಿಸಬೇಕು. ಇದಕ್ಕೂ ಒಂದು ಪ್ರತಿತಂತ್ರವಿತ್ತು. ಮೂರು ನಕ್ಷತ್ರದ ಹೋಟಲೇ ಇಲ್ಲದ ಭಾಗವನ್ನು ಹುಡುಕಿ ಸೇರಿಸಿಕೊಂಡರೆ, ಕೋರಿಕೆಯು ಬದಲಾದಂತೆ ಕಾಣುವುದು. ಆದರೆ ದೂರದ ಕೋಣೆಯು ಗಂಟುಬೀಳುವ ಭಯವಿಲ್ಲ. ಹೀಗೆ ಒಂದು ಭಾಗವನ್ನು ಸೇರಿಸಿ 48, ಇನ್ನೊಂದನ್ನು ಸೇರಿಸಿ 55. ಎರಡೂ ವ್ಯರ್ಥ.

ತಂದೆಯವರು ಕನ್ನಡಕವನ್ನು ಏರಿಸಿಕೊಂಡು ಹಿಂದೆ ನಿಂತು ನೋಡುತ್ತಿದ್ದರು.

“ಅಲ್ಲಪ್ಪಾ, ಯಾವ ಹೋಟಲು ಅಂತ ಗೊತ್ತಿಲ್ಲದೆ ಬೆಲೆ ಹೇಗೆ ಕಟ್ಟುತ್ತೀಯೆ?”

“ದರ್ಜೆ ಗೊತ್ತು, ಜಾಗ ಗೊತ್ತು. ಇನ್ನೇನು ಬೇಕು ಅಪ್ಪ? ಎಲ್ಲಾ ಉದ್ಯಾನದ ಮಗ್ಗುಲಲ್ಲೇ ಇವೆ.”

“ಮಗ್ಗುಲು ಅಂದರೆ ಎಷ್ಟು ದೂರ?”

“ನಡೆದು ಹೋಗುವಷ್ಟು.”

ಹಿರಿಯರು ಮತ್ತೆ ಮಾತನಾಡಲಿಲ್ಲ. ಮರುದಿನ ರಾತ್ರಿ 58 ಎಂದದ್ದೂ ನಿರಾಕೃತವಾಯಿತು. ಅದರ ಮರುದಿನ 62ಕ್ಕೆ ಒಪ್ಪಿಗೆ ಬಂದಿತು. ಆತನು ಕುಳಿತಲ್ಲಿಂದ ಎದ್ದು ಹೆಂಡತಿಯನ್ನು ಕೂಗಿ ಕರೆದನು. ಎರಡು ಕೋಣೆ, ಮೂರು ರಾತ್ರಿಗೆ 402 ಡಾಲರು ಉಳಿಯಿತೆಂದು ತಂದೆಯವರು ಬಾಯಲ್ಲಿಯೇ ಲೆಕ್ಕಹಾಕಿದರು. ತೆರಿಗೆ, ಸೇವಾಶುಲ್ಕಗಳು ಬೇರೆ ಸೇರಿದಾಗ ಈ ಉಳಿತಾಯವು ಕೊಂಚ ಕುಗ್ಗಿತಾದರೂ ಉತ್ಸಾಹವು ಕುಗ್ಗಲಿಲ್ಲ. ಆದರೆ ಹಾಸಿಗೆಗೆ ಹೋದ ಮೇಲೆ ಆತನಿಗೆ ನಿದ್ರೆ ಹತ್ತಲಿಲ್ಲ. 62ಕ್ಕೆ ಒಪ್ಪಿದವರು 60ಕ್ಕೆ ಒಪ್ಪುತ್ತಿರಲಿಲ್ಲವೆ? ಮೆಕ್ಸಿಕೊ ಕೊಲ್ಲಿಯ ಎಣ್ಣೆಯ ಹರಾಜುಗಳನ್ನು ಕುರಿತು 1971ರಲ್ಲಿ ಬರೆದ ಮೂವರು ಇಂಜಿನಿಯರುಗಳು, ಹರಾಜಿನಲ್ಲಿ ಗೆದ್ದವನು ಅನೇಕ ವೇಳೆ ಹೆಚ್ಚು ತೆತ್ತವನೇ ಆಗಿರುತ್ತಾನೆಂದು ತೋರಿಸಿದರು. ಅರ್ಥಶಾಸ್ತ್ರಜ್ಞರು ಅದನ್ನು ‘ಗೆದ್ದವನ ಶಾಪ’ವೆನ್ನುತ್ತಾರೆ. ಆತನ ನಿದ್ರೆಯನ್ನು ಕೆಡಿಸಿದ್ದು ಆ ಶಾಪದ ಹತ್ತಿರದ ನೆಂಟನೇ ಇರಬೇಕು. ಸೋತರೆ ಕೋಣೆಯಿಲ್ಲ, ಗೆದ್ದರೆ ನೆಮ್ಮದಿಯಿಲ್ಲ.

ಹೊರಡುವ ಮುಂಚಿನ ವಾರದಲ್ಲಿ ತಾಯಿಯವರು ಒಂದು ದಿನ ಕೇಳಿದರು: “ಆ ಕೋಣೆ ದುಡ್ಡು, ಹೋಗದೆ ಇದ್ದರೆ ವಾಪಸು ಕೊಡುತ್ತಾರೇನೋ?” “ಒಂದು ಕಾಸೂ ಕೊಡುವುದಿಲ್ಲ ಅಮ್ಮ, ಅದಕ್ಕೇ ಅಷ್ಟು ಅಗ್ಗ” ಎಂದು ಮಗನು ನಗುತ್ತ ಹೇಳಿದನು. ಆಕೆ ಗಂಡನನ್ನು ಕೇಳಿ ಅದನ್ನು ರೂಪಾಯಿಗೆ ತಿರುಗಿಸಿಕೊಂಡರು. ಆಗ ಡಾಲರಿಗೆ ನಲವತ್ತೆರಡು ರೂಪಾಯಿಗಳ ಆಸುಪಾಸು. ತೆರಿಗೆಯನ್ನು ಬಿಟ್ಟೇ 15,000 ರೂಪಾಯಿಗಳ ಮೇಲಾಯಿತು. ಆಕೆ ‘ಹೂಂ’ ಎಂದು ಒಳಕ್ಕೆ ಹೋದರು. ಆ ಪ್ರಶ್ನೆಯು ಏಕೆ ಬಂದಿತೆಂದು ಯಾರೂ ಯೋಚಿಸಲಿಲ್ಲ.

ಸುಮಾರು 370 ಮೈಲಿಗಳ ಮೋಟಾರು ಪ್ರಯಾಣವನ್ನು ಮುಗಿಸಿ ಸಂಜೆಗೆ ತಲಪಿದಾಗ ಹೋಟಲು ಚೊಕ್ಕಟವಾಗಿಯೇ ಇತ್ತು. ದರ್ಜೆಯಲ್ಲಿ ಮೋಸವಿರಲಿಲ್ಲ, ಮೋಸವಿದ್ದದ್ದು ಊಹೆಯಲ್ಲಿ. ಅದು ಉದ್ಯಾನದ ಎದುರಿಗಿರದೆ ಆರಿಸಿದ ಭಾಗದ ದಕ್ಷಿಣದ ಕೊನೆಯಲ್ಲಿತ್ತು. ಬಾಗಿಲಿಗೆ ಒಂದೂವರೆ ಮೈಲಿ. ಬೆಳಗ್ಗೆ ಗಾಡಿಯನ್ನು ಕೊಂಡೊಯ್ದರೆ ಅದನ್ನು ನಿಲ್ಲಿಸುವುದಕ್ಕೆ ಬೇರೆ ಹಣ. ಬಸ್ಸಿಗಾದರೆ ತಲೆಗಿಷ್ಟೆಂದು ಟಿಕೆಟ್ಟು. ಉಳಿಸುವ ಚಾಳಿಯು ಒಮ್ಮೆ ಹಿಡಿದರೆ ಸುಲಭವಾಗಿ ಬಿಡುವಂಥದಲ್ಲ. “ಒಂದೂವರೆ ಮೈಲಿ ತಾನೆ, ತಂಪು ಹೊತ್ತು, ನಡೆದುಬಿಡೋಣ” ಎಂದನು ಮಗ. ತಾಯಿಯವರು ಸೆರಗನ್ನು ಬಿಗಿದುಕೊಂಡು ಎಲ್ಲರಿಗಿಂತ ಮುಂಚೆ ಹೊರಟರು.

ಹನ್ನೊಂದು ಗಂಟೆಯ ಹೊತ್ತಿಗೆ ಆಕೆ ಕೋಟೆಯ ಮುಂದಿನ ಬೆಂಚೊಂದರ ಮೇಲೆ ಕುಳಿತರು. “ನೀವೆಲ್ಲ ಹೋಗಿ ಬನ್ನಿ. ನಾನು ಜನ ನೋಡುತ್ತಾ ಕೂತಿರುತ್ತೇನೆ. ತೇರಿನ ಹಾಗಿದೆ.” ಮೊಮ್ಮಗಳು ಕೈಹಿಡಿದು ಎಳೆದಳು, ಆಕೆ ನಕ್ಕು ತಲೆಯಾಡಿಸಿದರು. ಮಧ್ಯಾಹ್ನವೂ ಅಲ್ಲಿಯೇ, ಸಂಜೆಯೂ ಅಲ್ಲಿಯೇ. ಹುಡುಗಿಯು ಪ್ರತಿಯೊಂದು ಆಟವನ್ನೂ ಮುಗಿಸಿ ಓಡಿಬಂದು ಅಜ್ಜಿಗೆ ವರದಿಯೊಪ್ಪಿಸಿ ಮತ್ತೆ ಓಡುತ್ತಿದ್ದಳು. ಅಜ್ಜಿಯೊಡನೆ ನೋಡಬೇಕೆಂದಿದ್ದ ಕೋಟೆಯನ್ನು ಅವಳು ಹೀಗೆ ನೋಡಿದಳು.

ರಾತ್ರಿ ಕೋಣೆಯಲ್ಲಿ ಸೊಸೆಯು ಅತ್ತೆಯ ಕಾಲಿಗೆ ಎಣ್ಣೆ ಸವರಲು ಕುಳಿತಾಗ ಬಲಮೊಣಕಾಲು ಊದಿ ಬಿಸಿಯಾಗಿದ್ದುದು ಕಂಡುಬಂದಿತು. ವಿಚಾರಿಸಿದಾಗ, ನೋವು ಈ ದಿನದ್ದಲ್ಲ, ಊರನ್ನು ಬಿಡುವ ವಾರಕ್ಕೆ ಮೊದಲೇ ಆರಂಭವಾದದ್ದೆಂದು ತಿಳಿಯಿತು.

“ಅಮ್ಮಾ, ಹೇಳಬಾರದಾಗಿತ್ತೆ? ಇನ್ನೊಂದು ಸಲ ಬರಬಹುದಾಗಿತ್ತು!”

“ಆ ದುಡ್ಡು ವಾಪಸು ಬರೋದಿಲ್ಲ ಅಂದೆಯಲ್ಲಪ್ಪ.”

ಆಕೆಯ ದನಿಯಲ್ಲಿ ಆಕ್ಷೇಪಣೆಯು ಲೇಶವೂ ಇರಲಿಲ್ಲ. ಒಂದು ಲೆಕ್ಕವನ್ನು ನೆನಪುಮಾಡಿಕೊಟ್ಟಂತೆ ಹೇಳಿದರು, ಅಷ್ಟೆ. ಮಗನಿಗೆ ತಲೆಯೆತ್ತಲಾಗಲಿಲ್ಲ. 402 ಡಾಲರುಗಳ ಉಳಿತಾಯವನ್ನು ಆತನು ಎಷ್ಟು ಮಂದಿ ಸ್ನೇಹಿತರಿಗೆ ಹೇಳಿಕೊಂಡಿದ್ದನೊ! ಹಿಂದಿರುಗಿಸಲಾಗದೆಂಬ ಕರಾರನ್ನು ಒಪ್ಪಿ ಗುಂಡಿಯನ್ನೊತ್ತಿದವನು ತಾನು. ಅದನ್ನು ಮೊಣಕಾಲಿನಲ್ಲಿ ಹೊತ್ತವಳು ತಾಯಿ. ತಂದೆಯವರು ಕಿಟಕಿಯ ಕಡೆಗೆ ಮುಖಮಾಡಿ ಮೆಲ್ಲನೆ ಎಂದರು: “ಎತ್ತನ್ನು ನೋಡದೆಯೇ ಕೊಂಡೆ, ಅದು ಹೋಗಲಿ. ಬಂಡಿಯಲ್ಲಿ ಕೂರುವವರನ್ನಾದರೂ ನೋಡಬೇಕಾಗಿತ್ತು.”

ಮರುದಿನ ಅವರೆಲ್ಲರೂ ಗಾಡಿಯಲ್ಲಿಯೇ ಹೋದರು. ಉದ್ಯಾನದ ಬಾಗಿಲಿನಲ್ಲಿ ಗಾಲಿಕುರ್ಚಿಗಳನ್ನು ಬಾಡಿಗೆಗೆ ಕೊಡುವ ಸ್ಥಳವಿದೆ. ಮಗನು ನೇರವಾಗಿ ಅಲ್ಲಿಗೆ ನಡೆದನು. “ನಾನೇನು ರೋಗಿಯೆ? ಬೇಡವೋ” ಎಂದು ತಾಯಿಯವರು ನಾಚಿ ಹಿಂಜರಿದರು. “ಅಜ್ಜೀ, ಇದು ನಿನ್ನ ತೇರು, ನಾನು ಎಳೆಯುತ್ತೇನೆ” ಎಂದು ಹುಡುಗಿಯು ಕುರ್ಚಿಯ ಹಿಡಿಯನ್ನು ಹಿಡಿದು ನಿಂತ ಮೇಲೆ ಆಕೆಗೆ ವಿಧಿಯಿರಲಿಲ್ಲ. ಹುಡುಗಿಯ ಕೈಯ ಮೇಲೆ ತಂದೆಯ ಕೈ. ಹೀಗೆ ಆ ತೇರು ಕೋಟೆಯ ಬಾಗಿಲನ್ನು ದಾಟಿತು. ಬಾಡಿಗೆಯು ಹಲಗೆಯ ಮೇಲೆ ದಪ್ಪಕ್ಷರಗಳಲ್ಲಿ ಬರೆದಿತ್ತು. ಆತನು ಅದನ್ನು ಓದಲಿಲ್ಲ. ಕೇಳಿದಷ್ಟನ್ನು ಕೊಟ್ಟು, ಚಿಲ್ಲರೆಯನ್ನು ಎಣಿಸದೆ ಜೇಬಿಗೆ ಹಾಕಿಕೊಂಡನು.

ಬೆಲೆಯನ್ನು ಕೊಳ್ಳುವವನೇ ಹೇಳುವ ಆ ಪೇಟೆಯು ಈಗ ಮುಚ್ಚಿದೆ. ವಿಮಾನದ ಟಿಕೆಟ್ಟುಗಳಿಗೆ 2016ರಲ್ಲಿ, ಅನಂತರ ಕೋಣೆಗಳಿಗೂ, ಪ್ರೈಸ್‌ಲೈನು ಆ ಪದ್ಧತಿಯನ್ನು ನಿಲ್ಲಿಸಿತು. ದಿನಗಟ್ಟಲೆ ಬೆಲೆ ಕೂಗುವ ತಾಳ್ಮೆಯು ಜನರಲ್ಲಿ ಉಳಿಯಲಿಲ್ಲವೆಂದು ತೋರುತ್ತದೆ. ಹೆಸರನ್ನು ಮುಚ್ಚಿಟ್ಟು ಅಗ್ಗದ ಬೆಲೆಯನ್ನು ಮಾತ್ರ ತೋರಿಸಿ ಮಾರುವುದು ಇಂದಿಗೂ ನಡೆದಿದೆ. ಅಮೆರಿಕದ ಸರ್ಕಾರವು 2025ನೆಯ ಇಸವಿಯ ಮೇ 12ರಿಂದ, ತನ್ನ ತೆರಿಗೆಗಳ ಹೊರತು ಕೋಣೆಯ ಮೇಲೆ ಕಡ್ಡಾಯವಾಗಿ ವಿಧಿಸುವ ಶುಲ್ಕಗಳೆಲ್ಲವನ್ನೂ ಸೇರಿಸಿದ ಮೊತ್ತವನ್ನೇ ಮೊದಲು ತೋರಿಸಬೇಕೆಂದು ನಿಯಮಮಾಡಿದೆ. ಒಳ್ಳೆಯ ನಿಯಮ. ಬಿಲ್ಲಿಗೆ ಸೇರಬಹುದಾದುದೆಲ್ಲ ಇನ್ನು ಬಿಲ್ಲಿನಲ್ಲಿ ಕಾಣುವುದು. ಆದರೆ ಒಂದು ಕೋಣೆಯ ಅಗ್ಗಕ್ಕಾಗಿ ಮನೆಯವರಲ್ಲಿ ಯಾರು ಏನನ್ನು ನುಂಗಿಕೊಂಡು ಸುಮ್ಮನಿದ್ದಾರೆಂಬುದನ್ನು ಯಾವ ಸರ್ಕಾರವೂ ಹಲಗೆಯ ಮೇಲೆ ಬರೆಯಿಸಲಾರದು. ಅದನ್ನು ಕೊಳ್ಳುವವನೇ, ಕೊಳ್ಳುವುದಕ್ಕೆ ಮೊದಲು, ಮನೆಯೊಳಗೆ ಒಂದು ಸುತ್ತು ಹೋಗಿ ಕೇಳಿ ತಿಳಿಯಬೇಕು.