ಬಲೆ ಆರಿಸುವ ಸುಖ

ಗಾಳ ಹಾಕುವವರಲ್ಲಿ ಬಹಳ ಮಂದಿಗೆ ಮೀನು ಕಚ್ಚಿ ದಾರ ಜಗ್ಗುವ ಗಳಿಗೆಯೇ ದೊಡ್ಡದು. ನನಗೆ ಆಮೇಲಿನ ಕೆಲಸ ಇಷ್ಟ: ಮೀನನ್ನು ದಡದ ಹತ್ತಿರ ತಂದು, ಕೊಕ್ಕೆ ಬಿಡಿಸಿ, ಗಾಯವಾಗದಂತೆ ಹೊಳೆಗೆ ಬಿಡುವುದು. ಅದಕ್ಕೇ ಅಂಗಡಿಯಲ್ಲಿ ಕೋಲು, ರೀಲುಗಳನ್ನು ದಾಟಿ ಬಲೆಗಳ ಮುಂದೆ ಹೆಚ್ಚು ಹೊತ್ತು ನಿಲ್ಲುತ್ತೇನೆ.

ಮೊದಲು ಬಲೆಯನ್ನು ಅಂಗೈಗೆ ಉಜ್ಜಿ ನೋಡುತ್ತೇನೆ. ಗಂಟು ಗಂಟಾದ ನೈಲಾನ್ ಬಲೆಯಲ್ಲಿ ಮೀನು ಒದ್ದಾಡಿದರೆ ಹುರುಪೆ ಕಿತ್ತುಬರುತ್ತದೆ, ರೆಕ್ಕೆ ಸೀಳುತ್ತದೆ, ಸೋಂಕು ತಡೆಯುವ ಮೈಲೋಳೆ ಒರೆಸಿಹೋಗುತ್ತದೆ. ಗಂಟಿಲ್ಲದ, ರಬ್ಬರ್ ಲೇಪದ ಬಲೆ ತುಸು ಭಾರ, ಬೆಲೆಯೂ ಜಾಸ್ತಿ. ಆದರೂ ನನ್ನ ಆಯ್ಕೆ ಅದೇ. ಬಾಯಿ ಅಗಲವಾಗಿರಬೇಕು, ಮೀನು ಮಡಚಿಕೊಳ್ಳದೆ ಉದ್ದಕ್ಕೆ ಮಲಗುವಷ್ಟು ತಳ ಚಪ್ಪಟೆಯಾಗಿರಬೇಕು. ಬಲೆಯನ್ನು ಮೊದಲೇ ಮುಳುಗಿಸಿಟ್ಟು, ತಲೆ ಮುಂದಾಗಿ ಮೀನನ್ನು ಅದರೊಳಕ್ಕೆ ನಡೆಸಬೇಕು.

ಒಂದೊಂದು ಮೀನಿಗೆ ಒಂದೊಂದು ಉಪಚಾರ. ಬಾಳೆಮೀನಿನ ಬಾಯಲ್ಲಿ ಸಾಲುಸಾಲು ಹಲ್ಲು, ಚೇಳುಮೀನಿನ ಪಕ್ಕದ ಮುಳ್ಳಿನಲ್ಲಿ ವಿಷ; ಇವೆರಡಕ್ಕೂ ಉದ್ದ ಮೂತಿಯ ಇಕ್ಕಳ ಇರಲೇಬೇಕು. ಮಹಶೀರ್‌ನ ದವಡೆಯಲ್ಲಿ ಹಲ್ಲಿಲ್ಲ. ಏಡಿ, ಚಿಪ್ಪುಗಳನ್ನು ಪುಡಿಮಾಡುವ ಹಲ್ಲುಗಳೆಲ್ಲ ಗಂಟಲಿನಲ್ಲಿವೆ. ಅಲ್ಲಿಗೆ ಬೆರಳು ಹಾಕುವ ಮಾತೇ ಇಲ್ಲ.

1946ರಲ್ಲಿ ಕಬಿನಿಯಲ್ಲಿ 120 ಪೌಂಡ್ ತೂಗುವ ಮಹಶೀರ್ ಗಾಳಕ್ಕೆ ಬಿದ್ದಿತ್ತು. ಅಂಥ ಮೀನಿಗೆ ಕೈಬಲೆ ಸಾಲದು. ನಾವೇ ನೀರಿಗಿಳಿದು, ಹೊಟ್ಟೆಯ ಕೆಳಗೆ ಎರಡೂ ಕೈ ಕೊಟ್ಟು ಆಧರಿಸಬೇಕು. ದವಡೆ ಹಿಡಿದು ನೇತುಹಾಕಿದರೆ ಅದರ ತೂಕವೇ ಅದನ್ನು ಗಾಯಗೊಳಿಸುತ್ತದೆ. ಕಾವೇರಿ ಸೀಮೆಯ ಗೂನುಬೆನ್ನಿನ ಮಹಶೀರ್ 2018ರಿಂದ ಅಳಿವಿನ ತೀರಾ ಅಂಚಿನಲ್ಲಿರುವ ಜೀವಿಗಳ ಪಟ್ಟಿಯಲ್ಲಿದೆ. ವನ್ಯಧಾಮದೊಳಗೆ ಗಾಳ ಹಾಕದಿರುವುದೇ ಸರಿ. ಹೊರಗೆಲ್ಲಾದರೂ ಅದು ಅಕಸ್ಮಾತ್ ಸಿಕ್ಕರೆ, ನೀರಿನಿಂದ ಎತ್ತದೆಯೇ ಕೊಕ್ಕೆ ಬಿಡಿಸುವುದು ನಮ್ಮ ಹೊಣೆ.

ಮೀನನ್ನು ಎತ್ತಲೇಬೇಕಾಗಿ ಬಂದರೆ ನಾನು ಉಸಿರು ಬಿಗಿಹಿಡಿಯುತ್ತೇನೆ. ನನಗೆ ಕಟ್ಟಿಬರುವ ಮೊದಲೇ ಅದು ನೀರಿಗೆ ಮರಳಬೇಕು. ಒಣಗೈ ತಾಗಿಸುವುದಿಲ್ಲ, ಬಟ್ಟೆಯಲ್ಲಿ ಹಿಡಿಯುವುದಿಲ್ಲ. ಹರಿವಿಗೆ ಮುಖ ಮಾಡಿಸಿ ಹಿಡಿದು, ಕಿವಿರು ಚೆನ್ನಾಗಿ ಆಡಿ, ತಾನಾಗಿ ಬಾಲ ಬೀಸಿದಾಗ ಬಿಡುತ್ತೇನೆ.

ಗಾಳದ ಹವ್ಯಾಸಕ್ಕೆ ಹೊಸದಾಗಿ ಬರುವವರಲ್ಲಿ ನನ್ನದೊಂದು ವಿನಂತಿ: ದುಬಾರಿ ಕೋಲಿಗೆ ಮೊದಲು ಒಳ್ಳೆಯ ಬಲೆ ಕೊಳ್ಳಿ, ಕೊಕ್ಕೆಯ ಹಿಮ್ಮುಳ್ಳನ್ನು ಇಕ್ಕಳದಿಂದ ಒತ್ತಿ ಚಪ್ಪಟೆ ಮಾಡಿಕೊಳ್ಳಿ.