ಎಲೆಯ ಮೇಲೊಂದು ಏಳುಸುತ್ತಿನ ಕೋಟೆ

ಹೊಸದುರ್ಗದ ತೆಂಗಿಗೆ ಹಳೇ ಗರಿ ಬಿಡು ಅಂತ ಯಾರೂ ಹೇಳಿಕೊಡಬೇಕಿಲ್ಲ. ಹೊಳಲ್ಕೆರೆಯ ಅಡಿಕೆಯೂ ಅಷ್ಟೇ. ವಯಸ್ಸಾದ ಸೋಗೆ ನಡುರಾತ್ರಿ ಧಡ್ ಅಂತ ಬಿದ್ದು ಬೀದಿನಾಯಿಗಳನ್ನೆಲ್ಲ ಬೊಗಳಿಸುತ್ತದೆ. ಬಿದ್ದದ್ದೂ ದಂಡವಲ್ಲ: ಗರಿಯಿಂದ ಪೊರಕೆ, ಹಾಳೆಯಿಂದ ತಟ್ಟೆ. ಇಂಥ ಸೀಮೆಯಲ್ಲಿ ಬೆಳೆದ ನನಗೆ, ಹಿರಿಯೂರಿನ ಹಿತ್ತಲಲ್ಲಿ ಹನ್ನೆರಡು ಟೊಮೆಟೊ ಗಿಡ ನೆಟ್ಟ ಮೇಲೆ, ಬುಡದ ಎಲೆಗಳನ್ನು ಹಸಿರಿರುವಾಗಲೇ ಕೀಳಬೇಕು ಅಂದಾಗ ಕೈ ಬರಲಿಲ್ಲ.

ದೊಡ್ಡಮ್ಮನಿಗಂತೂ ಸಿಟ್ಟೇ ಬಂತು. "ಚೆನ್ನಾಗಿರೋ ಎಲೇನ ಯಾಕೋ ಕೀಳ್ತೀಯ? ಅದೇನು ನಿನ್ನ ಅನ್ನ ಕೇಳ್ತಾ?"

ಕೀಳದೆ ಬಿಟ್ಟೆ. ಒಂದು ಬೆಳಿಗ್ಗೆ ಬಗ್ಗಿ ನೋಡಿದರೆ ನೆಲಕ್ಕೆ ತಾಗಿದ ಎಲೆಯ ಮೇಲೆ ಕಂದು ಚುಕ್ಕೆ. ಕಣ್ಣು ಹತ್ತಿರ ಒಯ್ದರೆ ಚುಕ್ಕೆಯೊಳಗೆ ಸುತ್ತು, ಸುತ್ತಿನೊಳಗೆ ಇನ್ನೊಂದು ಸುತ್ತು, ಹೊರಗೆ ಹಳದಿ ಅಗಳು. ಥೇಟು ನಮ್ಮ ಚಿತ್ರದುರ್ಗದ ಏಳುಸುತ್ತಿನ ಕೋಟೆ! ಅಂಗಮಾರಿ ರೋಗ. ಆಲ್ಟರ್ನೇರಿಯ ಎಂಬ ಶಿಲೀಂಧ್ರ ಮಣ್ಣಲ್ಲಿ, ಹಳೇ ಬೆಳೆಯ ಕಸದಲ್ಲಿ ಕಾದಿದ್ದು, ನೀರಹನಿ ನೆಲಕ್ಕೆ ಬಡಿದು ಚಿಮ್ಮಿದಾಗ ಕೆಳಗಿನ ಎಲೆಗೆ ಹತ್ತುತ್ತದೆ. ಅಲ್ಲಿಂದ ಮೆಟ್ಟಿಲು ಮೆಟ್ಟಿಲಾಗಿ ಮೇಲಕ್ಕೆ. ಮಾರಿಕಣಿವೆ ಜಲಾಶಯ 1933ರಲ್ಲಿ ತುಂಬಿದ್ದು ಬಿಟ್ಟರೆ ಮತ್ತೆ ಕೋಡಿ ಬೀಳಲು 2022ರವರೆಗೆ ಕಾದ ಊರಲ್ಲಿ ಅಂಥ ಮಳೆ ಎಲ್ಲಿಂದ ಬಂತು ಅನ್ನಬೇಡಿ. ದಿನಾ ಸಂಜೆ ಪೈಪು ಹಿಡಿದು ಗಿಡದ ತಲೆ ಮೇಲೆ ಮಳೆ ಸುರಿಸುತ್ತಿದ್ದವನು ನಾನೇ.

ಅಂಗಮಾರಿ ತಡೆಯುವ ಅರ್ಕಾ ರಕ್ಷಕ್ ತಳಿಯನ್ನು ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯವರು ಎಂದೋ ಕೊಟ್ಟಿದ್ದಾರೆ. ನಾನು ನೆಟ್ಟದ್ದು ಸಂತೆಯಲ್ಲಿ ಸಿಕ್ಕ, ಹೆಸರಿಲ್ಲದ ಸಸಿ.

ಭಯ ಬಿದ್ದವನ ಕೈಗೆ ಹಿಡಿತವಿರುವುದಿಲ್ಲ. ಮೊದಲ ಗೊಂಚಲ ಕೆಳಗಿನದನ್ನಷ್ಟೇ, ಅದೂ ಒಂದು ಸಲಕ್ಕೆ ಎರಡು ಮೂರು ಎಲೆ, ಇಬ್ಬನಿ ಆರಿದ ಮೇಲೆ ಕಿತ್ತಿದ್ದರೆ ಗಾಯ ಬಿಸಿಲಿಗೆ ಒಣಗಿ ಗಿಡ ನೆಮ್ಮದಿಯಾಗಿರುತ್ತಿತ್ತು. ನಾನು ಗೊಂಚಲು ದಾಟಿ ಮೇಲಿನ ನೆರಳನ್ನೂ ಬೋಳಿಸಿದೆ. ಎಳೆದ ರಭಸಕ್ಕೆ ಕಾಂಡದ ಸಿಪ್ಪೆಯೂ ಉದ್ದಕ್ಕೆ ಸುಲಿದು ಬಂತು. ಅದು ಮಾರ್ಚ್ ತಿಂಗಳು. ವಾರದೊಳಗೆ ಕಾಯಿಗಳ ಪಡುವಣ ಮಗ್ಗುಲು ಬೆಳ್ಳಗೆ ಬೆಂದು, ಹಪ್ಪಳದ ಹಾಗೆ ತೆಳ್ಳಗಾಗಿ ಒಳಕ್ಕೆ ಕುಸಿಯಿತು. ನಮ್ಮ ಬಿಸಿಲಿಗೆ ಎಲೆಯೇ ಕೊಡೆ ಅನ್ನುವುದು ದೊಡ್ಡಮ್ಮನಿಗೆ ಗೊತ್ತಿತ್ತು. ಹೇಳುವಾಗ ಮಾತ್ರ ಅನ್ನದ ಲೆಕ್ಕದಲ್ಲಿ ಹೇಳಿದ್ದಳು.

ಕಿತ್ತ ರಾಶಿಯನ್ನು ಎಮ್ಮೆ ಮೂಸಿ ಮುಖ ತಿರುಗಿಸಿತು. ತಿಪ್ಪೆಗೆ ಹಾಕಿದರೆ ರೋಗ ಗೊಬ್ಬರದ ಜೊತೆ ವಾಪಸು ಬರುತ್ತದೆಂದು ಸುಟ್ಟೆ. ಉಳಿದದ್ದು ಬೆರಳಿಗೆ ಮೆತ್ತಿದ ಕಡುಹಸಿರು ಜಿಗುಟು. ಸೋಪು ಹಾಕಿ ಉಜ್ಜಿದಷ್ಟೂ ನೀರು ಹಳದಿಯಾಗಿ ಇಳಿಯಿತೇ ವಿನಾ ಕೈ ಬಿಳುಪಾಗಲಿಲ್ಲ.

ದೊಡ್ಡಮ್ಮ ಬಿಸಿಲಿಗೆ ಬೆಂದ ಕಾಯೊಂದನ್ನು ಕಿತ್ತು, ಎರಡು ಹೋಳು ಮಾಡಿ, ಹುಳಿ ರಸ ಸೋರುವಂತೆ ನನ್ನ ಅಂಗೈಗೆ ತಿಕ್ಕಿದಳು.

"ಇಷ್ಟಕ್ಕಾದರೂ ಬಂತಲ್ಲ," ಅಂದಳು.