ಹೂ ಉದುರಿದ ಮೇಲೆ

ಗಿಡ ಸಾಕುವ ಕೈಗುಣ ನನ್ನದಲ್ಲ. ತೀರ್ಥಹಳ್ಳಿ ಕಡೆಯ ತೋಟದ ಮನೆಯಲ್ಲಿ ಹುಟ್ಟಿ ಬೆಳೆದವಳಾದರೂ ನಿಗಡಿಯ ಪ್ರಾಧಿಕರಣದ ಈ ಮೂರನೇ ಮಹಡಿಯ ಬಾಲ್ಕನಿಯಲ್ಲಿ ಎರಡು ತುಳಸಿ, ಒಂದು ದಾಸವಾಳ, ಒಂದು ಕರಿಬೇವು ಒಣಗಿಸಿದ ಖ್ಯಾತಿ ನನಗಿದೆ. ಅಂಥವಳ ಮನೆಗೆ ಒಂದು ಆರ್ಕಿಡ್ ಬಂತು. ನಾನು ಆಸೆಪಟ್ಟು ತಂದದ್ದಲ್ಲ.

ಹಿಂಜವಡಿಯ ನಮ್ಮ ಆಫೀಸಿನಲ್ಲಿ ಮೂರು ತಿಂಗಳಿಗೊಮ್ಮೆ ಚೆನ್ನಾಗಿ ಕೆಲಸ ಮಾಡಿದವರಿಗೆ ಒಂದು ಸರ್ಟಿಫಿಕೇಟ್, ಒಂದು ಗಿಡ ಕೊಡುವ ಪದ್ಧತಿ ಇತ್ತು. 2022ರ ಜುಲೈಯಲ್ಲಿ ಅದು ನನ್ನ ಟೀಮಿನ ಟೆಸ್ಟರ್ ಹುಡುಗಿಗೆ ಸಿಕ್ಕಿತು. ಸಾಂಗ್ಲಿ ಜಿಲ್ಲೆಯ ಜತ್ತ ತಾಲ್ಲೂಕಿನವಳು. ಅಲ್ಲಿನ ಎಷ್ಟೋ ಹಳ್ಳಿಗಳಲ್ಲಿ ಮನೆಮಾತು ಕನ್ನಡ. ಅವಳು ಓದಿದ್ದು ಮರಾಠಿ ಶಾಲೆಯಲ್ಲಿ, ಕನ್ನಡ ಓದಲು ಬಾರದು, ಆದರೆ ಮಾತು ಮಾತ್ರ ಅಜ್ಜಿಯಿಂದ ಬಂದ ಗಟ್ಟಿ ಕನ್ನಡ. ನಾನು ಕನ್ನಡದವಳೆಂದು ತಿಳಿದ ದಿನದಿಂದ, ಎಲ್ಲರೂ ಹೆಸರು ಹಿಡಿದು ಕರೆಯುವ ಆಫೀಸಿನಲ್ಲಿ ಅವಳೊಬ್ಬಳು ನನ್ನನ್ನು ‘ಅಕ್ಕಾ’ ಎನ್ನುತ್ತಿದ್ದಳು. ಮಧ್ಯಾಹ್ನ ನನ್ನ ಡೆಸ್ಕಿನ ಹತ್ತಿರ ಬಂದು “ಊಟ ಆತೇನ್ರಿ ಅಕ್ಕಾ?” ಎಂದು ಕೇಳುವುದು ತಪ್ಪುತ್ತಿರಲಿಲ್ಲ.

ಆ ಸಲದ ಗಿಡ ಆರ್ಕಿಡ್. ನೇರಳೆ ಗೆರೆಯ ಬಿಳಿ ಹೂಗಳು, ಏಳೆಂಟು. ಅವಳ ಕೈಗೆ ಕೊಟ್ಟವಳು ನಾನೇ. ಹೂಗಳು ಎರಡು ತಿಂಗಳಿಗೂ ಹೆಚ್ಚು ಕಾಲ ಇದ್ದು ಒಂದೊಂದಾಗಿ ಉದುರಿದವು. ಉಳಿದದ್ದು ನಾಲ್ಕು ದಪ್ಪ ಎಲೆ, ಒಂದು ಒಣ ಕಡ್ಡಿ. “ಸತ್ತಿದೆ, ಎಸೆದುಬಿಡು” ಎಂದು ನಾವೆಲ್ಲ ಹೇಳಿದೆವು. ಅವಳು ಎಸೆಯಲಿಲ್ಲ.

2023ರ ಮಾರ್ಚಿನಲ್ಲಿ ನಮ್ಮಲ್ಲೂ ಜನರನ್ನು ಕಡಿಮೆ ಮಾಡುವ ಮಾತು ಬಂತು. ಟೀಮಿನಿಂದ ಎರಡು ಹೆಸರು ಕೊಡು ಎಂದರು. ಎರಡು ದಿನ ನಿದ್ದೆ ಬರಲಿಲ್ಲ ಎಂದು ಬರೆದರೆ ನನ್ನ ಮೇಲೆ ನಿಮಗೆ ಸ್ವಲ್ಪ ಕನಿಕರ ಬರಬಹುದು. ಆದರೆ ಮೂರನೇ ದಿನ ಹೆಸರು ಕೊಟ್ಟೆ. ಕೈಯಿಂದ ಮಾಡುವ ಟೆಸ್ಟಿಂಗ್ ಹೇಗೂ ಕಡಿಮೆಯಾಗುತ್ತಿದೆ ಎಂಬ ಕಾರಣ ಎಕ್ಸೆಲ್ ಹಾಳೆಯಲ್ಲಿ ಬರೆಯಲು ಸುಲಭವಾಗಿತ್ತು. ಅವಳದು ಮೊದಲನೇ ಹೆಸರು. ಮುಂದಿನ ವಾರ ಹದಿನೈದು ನಿಮಿಷದ ಒಂದು ಮೀಟಿಂಗ್, ನಾನೂ ಇದ್ದೆ. ನಿರ್ಧಾರ ಮೇಲಿನವರದು ಎಂಬ ಮುಖ ಮಾಡಿಕೊಂಡು ಕುಳಿತಿದ್ದೆ. ಅವಳು ಅಳಲಿಲ್ಲ. ಲ್ಯಾಪ್‌ಟಾಪ್ ಒಪ್ಪಿಸಿ, ನೀರಿನ ಬಾಟಲಿ, ಚಾರ್ಜರ್ ಚೀಲಕ್ಕೆ ಹಾಕಿಕೊಂಡು ಹೋದಳು. ಗಿಡ ಡೆಸ್ಕಿನ ಮೇಲೇ ಉಳಿಯಿತು.

ವಾರಕ್ಕೆ ಎರಡೇ ದಿನ ಆಫೀಸಿಗೆ ಹೋಗುವ ಕಾಲ. ಮೂರು ವಾರ ಅದು ಎಸಿ ಗಾಳಿಯಲ್ಲಿ ನೀರಿಲ್ಲದೆ ನಿಂತಿತ್ತು. ಹೌಸ್‌ಕೀಪಿಂಗ್ ಮಾವಶಿ ಅದನ್ನು ಕಸದ ಚೀಲಕ್ಕೆ ಹಾಕುವುದಕ್ಕೆ ಎತ್ತಿದ್ದರು. ಅದೇ ಹೊತ್ತಿಗೆ ನಾನು ಅತ್ತ ಕಡೆಯಿಂದ ಬಂದೆ. “ಇರಲಿ, ನಾನು ಒಯ್ಯುತ್ತೇನೆ” ಎಂದೆ. ಭೂಮಕರ್ ಚೌಕದ ಟ್ರಾಫಿಕ್ಕಿನಲ್ಲಿ ಮುಕ್ಕಾಲು ಗಂಟೆ ಅದು ನನ್ನ ಪಕ್ಕದ ಸೀಟಿನಲ್ಲಿ ಕುಳಿತಿತ್ತು.

ಮನೆಗೆ ತಂದವಳು ಪ್ರಾಯಶ್ಚಿತ್ತ ಎಂಬಂತೆ ದಿನಾ ಬೆಳಿಗ್ಗೆ ನೀರು ಹಾಕಿದೆ. ಪಿಂಪ್ರಿ-ಚಿಂಚವಡದಲ್ಲಿ 2019ರ ನವೆಂಬರಿನಿಂದ ನಲ್ಲಿ ನೀರು ದಿನ ಬಿಟ್ಟು ದಿನ. ಪವನಾ ನದಿಯ ನೀರು ರಾವೇತದಲ್ಲಿ ಎತ್ತಿ, ನಮ್ಮ ನಿಗಡಿಯ ಸೆಕ್ಟರ್ 23ರಲ್ಲೇ ಶುದ್ಧವಾದರೂ ನಮಗೂ ಅದೇ ಲೆಕ್ಕ. ನಾವು ಅಳೆದು ಬಳಸುವ ಆ ನೀರಿನಲ್ಲಿ ಗಿಡಕ್ಕೆ ಮಾತ್ರ ಧಾರಾಳ. ಎಲೆಗಳು ಮತ್ತಷ್ಟು ಸುಕ್ಕಾದವು. ಬಾಯಾರಿದೆ ಎಂದುಕೊಂಡು ಇನ್ನಷ್ಟು ಹಾಕಿದೆ. ಏಪ್ರಿಲ್ ಮುಗಿಯುವ ಹೊತ್ತಿಗೆ ಎರಡು ಎಲೆ ಹಳದಿಯಾಗಿ ಬಿದ್ದವು. ಕುಂಡದಿಂದ ಕೊಳೆತ ವಾಸನೆ.

ಅಮ್ಮನಿಗೆ ವಿಡಿಯೋ ಕಾಲ್ ಮಾಡಿ ತೋರಿಸಿದೆ. ಅವಳು ಕನ್ನಡಕ ಹಾಕಿಕೊಂಡು ನೋಡಿದಳು. “ಎಂತ ಮಾರಾಯ್ತಿ, ಇದು ಸೀತಾಳೆ ದಂಡೆಯ ಜಾತಿದಲ್ಲವಾ? ದಿನಾ ನೀರು ಹಾಕ್ತೀಯಾ? ನಮ್ಮ ಹಲಸಿನ ಮರದ ಮೇಲಿರೋದಕ್ಕೆ ಯಾರು ಕೊಡಪಾನ ಹೊತ್ತುಕೊಂಡು ಹೋಗಿ ಹಾಕ್ತಾರೆ?”

ಸೀತಾಳೆ ದಂಡೆ! ಮಳೆಗಾಲ ಹತ್ತಿರ ಬರುವಾಗ ಮರದ ಕೊಂಬೆಯಿಂದ ನರಿಬಾಲದಂತೆ ಇಳಿಬೀಳುತ್ತಿದ್ದ, ನಾವು ಜಡೆಗೆ ಸುತ್ತಿಕೊಂಡು ಶಾಲೆಗೆ ಹೋಗುತ್ತಿದ್ದ ಹೂವು. ಅದು ಆರ್ಕಿಡ್ ಎಂದು ಮೂವತ್ತೈದು ದಾಟಿದ ಮೇಲೆ ಗೊತ್ತಾಯಿತು. ಅಸ್ಸಾಮಿನ ರಾಜ್ಯಪುಷ್ಪವೂ ಅದೇ. ಬಿಹು ಹಬ್ಬದಲ್ಲಿ ಅಲ್ಲಿನ ಹುಡುಗಿಯರೂ ಮುಡಿಯುತ್ತಾರಂತೆ. ಆ ವಾರ ತಳೇಗಾಂವ್ ಕಡೆಯ ಒಂದು ನರ್ಸರಿಗೆ ಹೋಗಿ ಮಾಲಿಗೆ ನನ್ನ ಊರಿನ ಹೂವನ್ನು ಕೈಯಲ್ಲೇ ವರ್ಣಿಸಿದಾಗ ಆತ ನಕ್ಕು, “ಸೀತೇಚಿ ವೇಣಿ” ಎಂದ. ಅಲ್ಲೂ ಸೀತೆ, ಇಲ್ಲೂ ಸೀತೆ.

ಮಾಲಿ ಹೇಳಿದ್ದು, ಆಮೇಲೆ ನಾನು ಓದಿಕೊಂಡದ್ದು ಇಷ್ಟು. ನನ್ನದು ಫಲೆನೋಪ್ಸಿಸ್. ಪತಂಗದಂತೆ ಕಾಣುವ ಹೂ ಎಂದು ಆ ಹೆಸರು. ಆಗ್ನೇಯ ಏಷ್ಯಾದ ಕಾಡುಗಳಲ್ಲಿ ಮರದ ತೊಗಟೆಗೆ ಅಂಟಿಕೊಂಡು ಬೆಳೆಯುವ ಗಿಡ. ಮರದ ರಸ ಹೀರುವುದಿಲ್ಲ, ಬಂದಳಿಕೆಯಲ್ಲ, ಬರೀ ಆಸರೆ. ಬೇರು ಗಾಳಿಯಲ್ಲಿರುತ್ತದೆ. ಅದರ ಮೇಲೆ ಸ್ಪಂಜಿನಂಥ ಒಂದು ಹೊದಿಕೆ. ಮಳೆ ಬಂದಾಗ ಹೀರಿ, ಆಮೇಲೆ ಒಣಗಬೇಕು. ಸದಾ ಒದ್ದೆ ಇದ್ದರೆ ಉಸಿರುಕಟ್ಟಿ ಕೊಳೆಯುತ್ತದೆ. ಕೊಳೆತ ಬೇರು ನೀರು ಕುಡಿಯಲಾರದು, ಆಗ ಎಲೆ ಸುಕ್ಕಾಗುತ್ತದೆ. ನೀರಿಲ್ಲದಿದ್ದರೂ ಸುಕ್ಕು, ನೀರು ಹೆಚ್ಚಾದರೂ ಸುಕ್ಕು. ಎಲೆ ನೋಡಿದರೆ ತಿಳಿಯುವುದಿಲ್ಲ, ಬೇರನ್ನೇ ನೋಡಬೇಕು.

ಒಂದು ಭಾನುವಾರ ಪೇಪರ್ ಹಾಸಿಕೊಂಡು ಕುಂಡದಿಂದ ಹೊರಗೆಳೆದೆ. ಮುಟ್ಟಿದರೆ ಸಿಪ್ಪೆ ಸುಲಿದು ಬರುವ ಕಂದು ಬೇರುಗಳು. ಕತ್ತರಿಯನ್ನು ಸ್ಪಿರಿಟ್ಟಿನಲ್ಲಿ ಒರೆಸಿ ಕೊಳೆತದ್ದನ್ನೆಲ್ಲ ಕತ್ತರಿಸಿದೆ. ಗಟ್ಟಿಯಾಗಿ ಉಳಿದದ್ದು ಮೂರು. ಗಾಯಕ್ಕೆ ಅಡುಗೆಮನೆಯ ದಾಲ್ಚಿನ್ನಿ ಪುಡಿ ಹಚ್ಚಿ ಒಂದು ದಿನ ಒಣಗಲು ಬಿಟ್ಟೆ. ಒಂದು ಪಾರದರ್ಶಕ ಪ್ಲಾಸ್ಟಿಕ್ ಡಬ್ಬಿಗೆ ದಬ್ಬಣ ಕಾಯಿಸಿ ಸುತ್ತಲೂ ತೂತು ಕೊರೆದು, ಮಣ್ಣಿಲ್ಲದೆ ಬರೀ ತೊಗಟೆ ಚೂರು, ತೆಂಗಿನ ಸಿಪ್ಪೆಯ ತುಂಡು, ಇದ್ದಿಲು ತುಂಬಿ ಕೂರಿಸಿದೆ. ಬೇರು ಹಸಿರಾಗಿದ್ದರೆ ಸುಮ್ಮನಿರು, ಬೂದುಬಿಳಿಗೆ ತಿರುಗಿದರೆ ನೀರು ಕೊಡು. ನೀರು ಪೂರ್ತಿ ಬಸಿಯಲಿ, ಎಲೆಗಳ ನಡುವಿನ ಸುಳಿಯಲ್ಲಿ ನಿಲ್ಲದಿರಲಿ. ಇದಿಷ್ಟೇ ಮಂತ್ರ. ಬೇರು ಚಿಗುರುವವರೆಗೆ ಗೊಬ್ಬರ ಬೇಡ ಎಂದಿದ್ದ ಮಾಲಿ.

ಆಮೇಲೆ ಮಾಡುವುದೇನೂ ಇರಲಿಲ್ಲ, ಅದೇ ಕಷ್ಟವಾಗಿತ್ತು. ಆ ದಿನಗಳಲ್ಲಿ ಓದುತ್ತ ಓದುತ್ತ ವೆನಿಲ್ಲಾ ಕೂಡ ಇದೇ ಕುಟುಂಬದ್ದು ಎಂದು ತಿಳಿದು ಪುಸ್ತಕ ಮುಚ್ಚಿಟ್ಟು ಕುಳಿತೆ. ವೆನಿಲ್ಲಾ ನನಗೆ ಚೆನ್ನಾಗಿ ಗೊತ್ತು. 2000ದಲ್ಲಿ ಮಡಗಾಸ್ಕರಿಗೆ ಚಂಡಮಾರುತ ಬಡಿದ ಮೇಲೆ ಬೆಲೆ ಏರಿ, ಮಲೆನಾಡಿನ ಅಡಿಕೆ ತೋಟಗಳಿಗೆಲ್ಲ ಆ ಬಳ್ಳಿ ನುಗ್ಗಿತ್ತು. ಹೂ ಬೆಳಿಗ್ಗೆ ಅರಳಿ ಮಧ್ಯಾಹ್ನಕ್ಕೆ ಬಾಡುತ್ತದೆ. ಅದರ ತವರು ಮೆಕ್ಸಿಕೋದ ಜೇನ್ನೊಣ ನಮ್ಮಲ್ಲಿಲ್ಲ, ಹಾಗಾಗಿ ಮನುಷ್ಯರೇ ಪರಾಗ ಮುಟ್ಟಿಸಬೇಕು. 1841ರಲ್ಲಿ ರಿಯೂನಿಯನ್ ದ್ವೀಪದ ಎಡ್ಮಂಡ್ ಎಂಬ ಹನ್ನೆರಡು ವರ್ಷದ ಗುಲಾಮ ಹುಡುಗ ಕಂಡುಹಿಡಿದ ಉಪಾಯವನ್ನೇ ನಾನೂ ಪಿಯುಸಿ ಕಾಲೇಜಿಗೆ ಹೋಗುವ ಮೊದಲು ತೋಟದಲ್ಲಿ ಒಂದು ಕಡ್ಡಿ ಹಿಡಿದು ಮಾಡುತ್ತಿದ್ದೆ. ಕಾಯಿ ಕಳವಾಗದಂತೆ ಅಪ್ಪ ರಾತ್ರಿ ಟಾರ್ಚ್ ಹಿಡಿದು ತೋಟದಲ್ಲಿ ಮಲಗುತ್ತಿದ್ದರು. ವರ್ಷ ತುಂಬುವುದರಲ್ಲಿ ಬೆಲೆ ಕುಸಿಯಿತು. ಅಪ್ಪ ಆ ಕಡೆ ತಿರುಗಿಯೂ ನೋಡಲಿಲ್ಲ. ಬಳ್ಳಿ ಮಾತ್ರ ಮತ್ತೆ ಎರಡು ವರ್ಷ ಹೂ ಬಿಟ್ಟಿತು, ಯಾರೂ ಮುಟ್ಟದೆ ಹಾಗೇ ಉದುರಿತು. ಕೊನೆಗೆ ಕಿತ್ತು ಗೊಬ್ಬರಗುಂಡಿಗೆ ಹಾಕಿದರು. ಅಪ್ಪನನ್ನು ಕಟುಕ ಎಂದು ಅಂದು ಮನಸ್ಸಿನಲ್ಲೇ ಬೈದುಕೊಂಡಿದ್ದೆ.

ಜುಲೈಯಲ್ಲಿ, ನಿಗಡಿಯ ಮಳೆ ಎಡೆಬಿಡದೆ ಸುರಿಯುತ್ತಿದ್ದಾಗ, ಡಬ್ಬಿಯ ಗೋಡೆಗೆ ತಾಗಿ ಹಸಿರು ತುದಿಯ ಒಂದು ಬೇರು ಕಂಡಿತು. ಗಂಡನನ್ನೂ ಮಗನನ್ನೂ ಕರೆದು ತೋರಿಸಿದೆ. “ಇಷ್ಟೇನಾ?” ಎಂದ ಮಗ. ದೀಪಾವಳಿ ಹೊತ್ತಿಗೆ ಒಂದು ಹೊಸ ಎಲೆ. ಆ ಚಳಿಗಾಲ ಹೂವಿಲ್ಲ. ಮತ್ತೊಂದು ಬೇಸಿಗೆ, ನಲವತ್ತು ಡಿಗ್ರಿ ಹತ್ತಿರದ ಒಣಗಾಳಿ. ತಟ್ಟೆಯಲ್ಲಿ ಕಲ್ಲು, ನೀರು ಹಾಕಿ ಅದರ ಮೇಲೆ ಡಬ್ಬಿ ಇಟ್ಟೆ. ಮತ್ತೊಂದು ಮಳೆಗಾಲ. ಈ ಗಿಡಕ್ಕೆ ಹೂಕಡ್ಡಿ ಬಿಡಲು ಕೆಲವು ವಾರ ತಂಪು ರಾತ್ರಿಗಳು ಬೇಕು; ಪುಣೆಯ ನವೆಂಬರ್ ಅದನ್ನು ಪುಕ್ಕಟೆ ಕೊಡುತ್ತದೆ. ತೀರಾ ಚಳಿಯ ರಾತ್ರಿ ಒಳಗೆ ತಂದು ಅಡುಗೆಮನೆಯ ಕಟ್ಟೆಯ ಮೇಲಿಡುತ್ತಿದ್ದೆ. 2024ರ ನವೆಂಬರ್ ಕೊನೆಗೆ ಎಲೆಯ ಬುಡದಲ್ಲಿ ಚಿಕ್ಕ ಮೊಳಕೆ. ಬೇರಿನ ತುದಿ ದುಂಡಗೆ, ಹೂಕಡ್ಡಿಯ ತುದಿ ಚೂಪು. ವಾರವಿಡೀ ದಿಟ್ಟಿಸಿ ನೋಡಿದ ಮೇಲೆ ಚೂಪೆಂದೇ ಖಾತ್ರಿಯಾಯಿತು.

2025ರ ಫೆಬ್ರವರಿಯಲ್ಲಿ ಹೂ ಅರಳಿತು. ಏಳೆಂಟಲ್ಲ, ಮೂರೇ. ಅದೇ ಬಿಳಿ, ಅದೇ ನೇರಳೆ ಗೆರೆ.

ಅವಳ ನಂಬರ್ ಇತ್ತು. ಎರಡು ವರ್ಷದಲ್ಲಿ ಒಂದು ಮೆಸೇಜೂ ಕಳಿಸಿರಲಿಲ್ಲ. ಮೂರು ದಿನ ಬರೆದು ಅಳಿಸಿ, ಕೊನೆಗೆ ಬರೀ ಫೋಟೋ ಕಳಿಸಿದೆ. ಐದೇ ನಿಮಿಷಕ್ಕೆ ಫೋನ್ ಬಂತು.

“ಅಕ್ಕಾ, ಅದಿನ್ನೂ ಜೀವಂತ ಐತೇನ್ರಿ?”

ಎಂಟು ತಿಂಗಳು ಕೆಲಸವಿಲ್ಲದೆ ಊರಿನಲ್ಲಿದ್ದು, ಈಗ ಮತ್ತೆ ಪುಣೆಯಲ್ಲೇ, ಬಾಣೇರ್ ಕಡೆ ಒಂದು ಸಣ್ಣ ಕಂಪನಿಯಲ್ಲಿದ್ದಾಳಂತೆ. ಸಂಬಳ ಮೊದಲಿಗಿಂತ ಕಡಿಮೆ. ಅವಳು ಹಗುರವಾಗಿ ಮಾತಾಡುತ್ತಲೇ ಇದ್ದಳು. ನನಗೆ ಇನ್ನು ತಡೆಯಲಾಗಲಿಲ್ಲ. “ಅವತ್ತು ನಿನ್ನ ಹೆಸರು ಕೊಟ್ಟವಳು ನಾನೇ” ಎಂದೆ.

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. “ಗೊತ್ತಿತ್ರಿ ಅಕ್ಕಾ” ಎಂದಳು. ಪರವಾಗಿಲ್ಲ ಎನ್ನಲಿಲ್ಲ. ನಾನೂ ಅದನ್ನು ಕೇಳಿಸಿಕೊಳ್ಳುವ ಹಕ್ಕಿನವಳಲ್ಲ.

ಗಿಡ ನಿನ್ನದೇ, ಬಂದು ಒಯ್ಯಿ, ಇಲ್ಲವೇ ನಾನೇ ತಂದುಕೊಡುತ್ತೇನೆ ಎಂದೆ. ಅವಳು ಯೋಚಿಸಿ ಹೇಳಿದಳು: “ಈಗ ಬ್ಯಾಡ್ರಿ. ಹೂ ಇರೋತನಕ ನಿಮ್ಮ ಮನ್ಯಾಗ ಇರ್ಲಿ. ಉದುರಿದ ಮ್ಯಾಲ ನಾ ಬಂದು ಒಯ್ತೀನಿ.”

ಕೊನೆಯ ಹೂ ಮೊನ್ನೆ ಬಿತ್ತು. ಭಾನುವಾರ ಬರುತ್ತೇನೆ ಎಂದಿದ್ದಾಳೆ. ಯಾವಾಗ ನೀರು, ಯಾವಾಗ ಬೇಡ ಎಂಬುದನ್ನು ಒಂದು ಚೀಟಿಯಲ್ಲಿ ಮರಾಠಿಯಲ್ಲಿ ಬರೆದಿಟ್ಟಿದ್ದೇನೆ. ಅವಳಿಗೆ ಅದರ ಅಗತ್ಯವಿದೆಯೋ ಇಲ್ಲವೋ. ಎಲ್ಲರೂ ಸತ್ತಿದೆ ಎಂದಾಗ ಅದನ್ನು ಇಟ್ಟುಕೊಂಡವಳು ಅವಳೇ ತಾನೆ.